ಕೀ ತಿರುಗಲಿಲ್ಲವೆಂದು ಯಾರೂ ಹೇಳಲಿಲ್ಲ

ತರೀಕೆರೆಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದ ಷಡಕ್ಷರಿಯವರು ಕಾರು ಕೊಂಡದ್ದು ಕಾರಿನ ಮೇಲಿನ ಆಸೆಯಿಂದಲ್ಲ. ಎರಡು ಮೂಟೆ ಕಡಲೆಕಾಯಿ ಹಿಂಡಿಯಿಂದ.

ಎಪ್ಪತ್ತೆಂಟನೇ ಇಸವಿಯಲ್ಲಿ ಅಜ್ಜಂಪುರದಲ್ಲಿ ನೆಂಟರ ಪೈಕಿ ಒಂದು ಮದುವೆ ನಡೆಯಿತು. ಊಟ ಮುಗಿದು ಎಲ್ಲರೂ ಹೊರಡುವ ಹೊತ್ತು. ಷಡಕ್ಷರಿಯವರ ಹೆಂಡತಿ ಸಾವಿತ್ರಮ್ಮನವರು ಕೈಚೀಲ ಹಿಡಿದುಕೊಂಡು ತಮ್ಮ ಅಕ್ಕ ದಾಕ್ಷಾಯಣಮ್ಮನವರ ಜೀಪಿನ ಹತ್ತಿರ ಹೋದರು. ದಾಕ್ಷಾಯಣಮ್ಮನವರನ್ನು ಅಮೃತಾಪುರಕ್ಕೆ ಕೊಟ್ಟಿತ್ತು. ಅವರ ಗಂಡ ದೇವೀರಪ್ಪನವರಿಗೆ ಆ ಕಡೆಗೆಲ್ಲ ಒಂದೇ ಒಂದಾದ ಜೀಪು ಇತ್ತು, ಅದು ಒಂದೇ ಎಂಬ ತಿಳಿವಳಿಕೆಯೂ ಇತ್ತು. ಅವರು ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡೇ, ಜೀಪು ಭರ್ತಿಯಾಗಿದೆ, ಹಿಂದೆ ಬಸ್ಸಿದೆ, ಅದರಲ್ಲಿ ಬಾರಮ್ಮ ಎಂದರು. ಜೀಪು ಹೊರಟಿತು. ಗಾಳಿಗೆ ಹಿಂದಿನ ಟಾರ್ಪಾಲಿನ ಪರದೆ ಎದ್ದಿತು. ಒಳಗಿನ ಸೀಟಿನ ಮೇಲೆ ಎರಡು ಹಿಂಡಿ ಮೂಟೆಗಳು ಗಂಡಹೆಂಡಿರ ಹಾಗೆ ಒಂದಕ್ಕೊಂದು ಒರಗಿಕೊಂಡು ಕೂತಿದ್ದವು. ಅವುಗಳ ಪಕ್ಕದಲ್ಲಿ ಮುದುರಿಕೊಂಡಿದ್ದ ದಾಕ್ಷಾಯಣಮ್ಮನವರು ತಂಗಿಯ ಕಡೆ ನೋಡಲಾರದೆ ನೆಲ ನೋಡಿದರು.

ಬಸ್ಸು ಬಂದದ್ದು ಎಷ್ಟೋ ಹೊತ್ತಿಗೆ. ಸೀಟು ಸಿಗಲಿಲ್ಲ. ತರೀಕೆರೆಯವರೆಗೂ ಸಾವಿತ್ರಮ್ಮನವರು ನಿಂತೇ ಬಂದರು. ಇಳಿದ ಮೇಲೆ ಗಂಡನಿಗೆ ಹೇಳಿದ್ದು ಇಷ್ಟೇ: “ಅಕ್ಕ ಹೊಸ ಮನೆ ಕಟ್ಟಿಸ್ತಿದ್ದಾಳೆ. ಗೃಹಪ್ರವೇಶಕ್ಕೆ ನಾನು ಹೋದ್ರೆ ನಮ್ಮ ಕಾರಲ್ಲಿ ಹೋಗ್ತೀನಿ. ಇಲ್ದಿದ್ರೆ ಇಲ್ಲ.”

ಆಗ ಅವರ ಬಳಿ ಕಾರು ಇರಲಿಲ್ಲ. ಸಾವಿತ್ರಮ್ಮನವರಿಗೆ ಅದೊಂದು ಸಣ್ಣ ವಿವರ. ಆದರೆ ಅವರಿಗೆ ಇದ್ದದ್ದು ಒಬ್ಬಳೇ ಅಕ್ಕ, ಆಡಿದ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡವರಲ್ಲ, ಅಕ್ಕನ ಮನೆಯ ಶುಭಕಾರ್ಯ ತಪ್ಪಿಹೋದರೆ ಆ ಸಂಕಟ ಅವರನ್ನು ಬಿಡುವುದಿಲ್ಲ ಎಂಬ ಮೂರು ಸಂಗತಿಗಳನ್ನು ಷಡಕ್ಷರಿಯವರು ಚೆನ್ನಾಗಿ ಬಲ್ಲವರಾಗಿದ್ದರು. ಆದ್ದರಿಂದ ಮುಂದಿನ ಸುಗ್ಗಿ ಕಳೆಯುವುದರೊಳಗೆ, ಕಡೂರಿನಲ್ಲಿ ವೈದ್ಯವೃತ್ತಿ ಬಿಟ್ಟು ಮನೆಯಲ್ಲಿದ್ದ ಒಬ್ಬ ಡಾಕ್ಟರಿಂದ ಅವರ ಹಳೆಯ ಕಾರನ್ನು ಕೊಂಡು ತಂದರು.

ಅದು ಯಾವ ಕಂಪನಿಯ ಕಾರು ಎಂದು ಯಾರೂ ಖಚಿತವಾಗಿ ಹೇಳುವ ಹಾಗಿರಲಿಲ್ಲ. ಹೆಸರಿನ ಲೋಹದ ಅಕ್ಷರಗಳೆಲ್ಲ ಉದುರಿ ಎರಡು ಮಾತ್ರ ಉಳಿದಿದ್ದವು, ಆ ಎರಡರಿಂದ ಯಾವ ಹೆಸರೂ ಆಗುತ್ತಿರಲಿಲ್ಲ. ಬಣ್ಣ ಒಂದು ಕಾಲಕ್ಕೆ ಬಿಳಿ ಇದ್ದಿರಬೇಕು. ಈಗ ಹಳೆಯ ಪಂಚೆಯ ಬಣ್ಣ. ಡಾಕ್ಟರ ಹಳೇ ಡ್ರೈವರು ಕಡೂರಿನ ಬಯಲಿನಲ್ಲಿ ಷಡಕ್ಷರಿಯವರಿಗೆ ಓಡಿಸುವುದನ್ನು ಹೇಳಿಕೊಟ್ಟ. ಪಾಠ ಮುಗಿಸಿಕೊಂಡು ಬಂದ ಷಡಕ್ಷರಿಯವರು ಬೇರೆಯೇ ಮನುಷ್ಯರಾಗಿದ್ದರು. ಕಾರಿನ ಕೀಯನ್ನು ತೋರುಬೆರಳಿಗೆ ಸಿಕ್ಕಿಸಿ ತಿರುಗಿಸದೆ ಅವರಿಗೆ ಮಾತೇ ಬರುತ್ತಿರಲಿಲ್ಲ. ಕಾಯಿ ಎಣಿಸುವಾಗಲೂ ಒಂದು ಕೈಯಲ್ಲಿ ಕೀ ತಿರುಗುತ್ತಿತ್ತು. ಕಾರು ಓಡಿಸೋದು ಕಷ್ಟ ಅಲ್ವೇ ಎಂದು ಯಾರಾದರೂ ಕೇಳಿದರೆ ಕನಿಕರದ ನಗೆ ನಕ್ಕು, “ಏನಿಲ್ಲ ಕಣ್ರೀ, ಕೀ ತಿರುಗಿಸೋಕೆ ಬಂದ್ರೆ ಆಯ್ತು. ಉಳಿದಿದ್ದು ಗಾಡಿ ನೋಡ್ಕೊಳ್ಳುತ್ತೆ” ಎನ್ನುತ್ತಿದ್ದರು. ಈ ಮಾತನ್ನು ಅವರ ಬಾಯಿಂದ ಕೇಳದವರು ಪೇಟೆಯಲ್ಲಿ ಉಳಿದಿರಲಿಲ್ಲ.

ಕಾರಿನ ಲೌಕಿಕ ಹೀಗೆ ಗಂಡನ ಪಾಲಾದರೆ ಅದರ ಪಾರಮಾರ್ಥಿಕವನ್ನು ಸಾವಿತ್ರಮ್ಮನವರು ವಹಿಸಿಕೊಂಡರು. ಸೋಮವಾರ ಬಂತೆಂದರೆ ಕಾರಿಗೆ ಸ್ನಾನ, ಆಮೇಲೆ ಪೂಜೆ. ನೆನೆಸಿದ ವಿಭೂತಿಯನ್ನು ಮೂರೆಳೆಯಾಗಿ ಮುಂದಿನ ಬಾನೆಟ್ಟಿಗೆ, ಬಾಗಿಲುಗಳಿಗೆ, ಸ್ಟೇರಿಂಗಿಗೆ, ಒಳಗೆ ಮುಖ್ಯವೆಂದು ಕಂಡ ಎಲ್ಲದಕ್ಕೂ ಬಳಿದು, ಮೇಲೊಂದು ಕುಂಕುಮದ ಬೊಟ್ಟಿಡುತ್ತಿದ್ದರು. ಮಂಗಳವಾರ ಅದು ರಸ್ತೆಗಿಳಿದರೆ ದೂರದಿಂದ ನೋಡಿದವರಿಗೆ ಯಾರೋ ಜಂಗಮರು ವೇಗವಾಗಿ ಬರುತ್ತಿರುವಂತೆ ಕಾಣುತ್ತಿತ್ತು.

ಗೃಹಪ್ರವೇಶದ ದಿನ ಬಂತು. ಮನೆಯವರ ಶಾಸ್ತ್ರಗಳೆಲ್ಲ ಬೆಳಗಿನ ಜಾವವೇ ಮುಗಿದು, ಹೊತ್ತೇರಿದ ಮೇಲೆ ಮಠದ ಗುರುಗಳ ಪಾದಪೂಜೆ, ಅನಂತರ ಊಟ. ನೆಂಟರು ಪಾದಪೂಜೆಯ ಹೊತ್ತಿಗೆ ಅಲ್ಲಿರಬೇಕು. ಸಾವಿತ್ರಮ್ಮನವರು ರೇಷ್ಮೆ ಸೀರೆ ಉಟ್ಟು, ಅಕ್ಕನಿಗೆ ಮುಯ್ಯಿ ಮಾಡಲು ಸೀರೆ, ಕುಬುಸದ ಕಣ, ಕೊಬ್ಬರಿ ಬಟ್ಟಲು ಜೋಡಿಸಿದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನ ನಡುಮಧ್ಯೆ ಕುಳಿತರು. ಬೀದಿಯ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಷಡಕ್ಷರಿಯವರು ಬಾಗಿಲು ತೆಗೆದು ಕೂತರು. ಕೀಯನ್ನು ಬೆರಳಲ್ಲಿ ಎರಡು ಸುತ್ತು ಸುತ್ತಿಸಿ ಅದರ ತೂತಿಗೆ ಹಾಕಿದರು.

ಕೀ ಅರ್ಧ ಹೋಯಿತು. ಅಲ್ಲೇ ನಿಂತಿತು. ತಿರುಗಿಸಿದರೆ ತಿರುಗಲಿಲ್ಲ.

ಹೊರಗೆ ತೆಗೆದು ಪಂಚೆಗೆ ಒರೆಸಿ ಮತ್ತೆ ಹಾಕಿದರು. ಹಾಗೆಯೇ. ಬಲವಾಗಿ ತಿರುಗಿಸಿದರೆ ಮುರಿದೀತೆಂಬ ಭಯ, ಮೆಲ್ಲಗೆ ತಿರುಗಿಸಿದರೆ ಅದಕ್ಕೆ ಇವರ ಭಯವಿಲ್ಲ. ಕನ್ನಡಿಯಲ್ಲಿ ನೋಡಿದರೆ ಸಾವಿತ್ರಮ್ಮನವರು ಸೆರಗು ಸರಿಮಾಡಿಕೊಳ್ಳುತ್ತಾ ಅಮೃತಾಪುರಕ್ಕೆ ಆಗಲೇ ಅರ್ಧ ದಾರಿ ಹೋಗಿದ್ದರು.

ಎದುರು ಮನೆಯ ಚೌಡಪ್ಪ ಹತ್ತಿರ ಬಂದರು. ಅವರದು ಹಿಟ್ಟಿನ ಗಿರಣಿ. ಅದನ್ನು ಓಡಿಸುವ ಡೀಸೆಲ್ ಇಂಜಿನ್ನಿನ ಒಡೆತನದಿಂದಾಗಿ ಬೀದಿಯಲ್ಲಿ ಯಂತ್ರಗಳ ವಿಚಾರಕ್ಕೆ ಅವರದೇ ಕೊನೆಯ ಮಾತು. ಏನಾಯಿತೆಂದು ಕೇಳಿದರು. ಕೀ ತಿರುಗುತ್ತಿಲ್ಲ ಎಂದು ಎರಡೇ ಪದ ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ತಿಂಗಳುಗಟ್ಟಲೆ ಊರಿಗೆಲ್ಲ ಕೀ ತಿರುಗಿಸುವುದೊಂದೇ ವಿದ್ಯೆಯೆಂದು ಸಾರಿದವರು, ಬೀದಿಯ ನಡುವೆ, ಆ ಒಂದು ವಿದ್ಯೆಯೇ ಬರುತ್ತಿಲ್ಲವೆಂದು ಹೇಗೆ ಹೇಳುವುದು?

“ಇಂಜಿನ್ ಯಾಕೋ ಮಂಕಾಗಿದೆ ಚೌಡಣ್ಣ” ಎಂದರು ಷಡಕ್ಷರಿಯವರು.

ಚೌಡಪ್ಪನವರಿಗೆ ಸಂತೋಷವಾಯಿತು. ಕೊಡಿ ಇಲ್ಲಿ ಎಂದು ಕೀ ಇಸಿದುಕೊಂಡು, ಷಡಕ್ಷರಿಯವರನ್ನು ಇಳಿಸಿ ತಾವು ಕುಳಿತರು. ಕೀ ಹಾಕಿದರು. ಅರ್ಧ ಹೋಯಿತು. ತಿರುಗಿಸಿದರು. ಅವರ ಹಣೆಯ ಮೇಲೆ ಬೆವರು ಮೂಡಿತು. ಓರೆಗಣ್ಣಿನಿಂದ ಷಡಕ್ಷರಿಯವರನ್ನು ನೋಡಿದರು. ಅವರು ಆಕಾಶ ನೋಡುತ್ತಿದ್ದರು. ಅಷ್ಟು ದೊಡ್ಡ ಗಿರಣಿಯನ್ನು ಓಡಿಸುವವನ ಕೈಗೆ ಕಿರುಬೆರಳುದ್ದದ ಕೀ ಜಗ್ಗಲಿಲ್ಲವೆಂದು ಗೊತ್ತಾದರೆ ನಾಳೆ ಯಾರು ರಾಗಿ ತರುತ್ತಾರೆ ಎಂದು ಅವರು ಯೋಚಿಸಿರಬೇಕು. ಕೆಳಗಿಳಿದು ಗಂಭೀರವಾಗಿ ತಲೆಯಾಡಿಸಿದರು.

“ಹೌದು. ಇಂಜಿನ್ನೇ. ಕರೆಂಟ್ ಮುಂದಕ್ಕೆ ಹೋಗ್ತಾ ಇಲ್ಲ.”

ಅಲ್ಲಿಂದ ಚಿಕಿತ್ಸೆ ಶುರುವಾಯಿತು. ಕರೆಂಟ್ ಇದೆಯೋ ಇಲ್ಲವೋ ನೋಡಲು ದೀಪ ಹಾಕಿದರು. ಎದುರುಗಡೆ ಗೋಡೆಯ ಮೇಲೆ ಹಗಲಲ್ಲೇ ಎರಡು ಸೂರ್ಯ ಮೂಡಿದವು. ಹಾರನ್ ಒತ್ತಿದರು. ತೊಟ್ಟಿಲಲ್ಲಿದ್ದ ಮಗು ಎದ್ದು ಅತ್ತಿತು. ಬ್ಯಾಟರಿ ಚೆನ್ನಾಗಿದೆ ಎಂದಾಯಿತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಬೀದಿಯವರೆಲ್ಲ ಸರದಿಯಂತೆ ಮೂಸಿ ನೋಡಿದರು, ಪೆಟ್ರೋಲೂ ಇತ್ತು. ಪ್ಲಗ್ಗುಗಳನ್ನು ಬಿಚ್ಚಿ ಚೌಡಪ್ಪನವರು ತಮ್ಮ ಅಂಗಿಯ ಅಂಚಿನಿಂದಲೇ ಒರೆಸಿದರು. ವೈರುಗಳನ್ನು ಎಳೆದು ನೋಡಿ ಬಿಗಿ ಮಾಡಿದರು. ನೀರು ನೋಡಿದರು, ಆಯಿಲ್ ನೋಡಿದರು, ಚಕ್ರಗಳನ್ನು ಒದ್ದು ನೋಡಿದರು. ಎಲ್ಲವೂ ಸರಿಯಾಗಿತ್ತು. ಪಾದಪೂಜೆಯ ಹೊತ್ತು ಹತ್ತಿರವಾಗುತ್ತಿದ್ದ ಆ ಗಳಿಗೆಯಲ್ಲಿ ತರೀಕೆರೆ ತಾಲ್ಲೂಕಿನಲ್ಲೇ ಅಷ್ಟು ಆರೋಗ್ಯವಾದ ಕಾರು ಇನ್ನೊಂದಿರಲಿಲ್ಲ. ಚಾಲೂ ಆಗುತ್ತಿರಲಿಲ್ಲ, ಅಷ್ಟೆ.

ಇಷ್ಟು ಹೊತ್ತೂ ಸಾವಿತ್ರಮ್ಮನವರು ಕಾರಿನಿಂದ ಇಳಿದಿರಲಿಲ್ಲ. ಪಕ್ಕದ ಮನೆಯ ಪ್ರೇಮಮ್ಮ ಕಿಟಕಿಯ ಬಳಿ ಬಗ್ಗಿ, ಅಮೃತಾಪುರದ ಬಸ್ಸು ಇನ್ನೂ ಹೋಗಿಲ್ಲ, ಈಗ ಎದ್ದರೂ ಸಿಕ್ಕೀತು ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಸಾವಿತ್ರಮ್ಮನವರು ತೊಡೆಯ ಮೇಲಿದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಕಡೆ ಹಿಡಿದರು.

“ಬಸ್ಸಲ್ಲಾದ್ರೆ ನೀವೇ ಹೋಗಿ ಇದನ್ನ ಅಕ್ಕನಿಗೆ ಕೊಟ್ಬಿಡಿ ಪ್ರೇಮಕ್ಕ. ನಾನು ಮನೇಲಿರ್ತೀನಿ.”

ದನಿ ಗಟ್ಟಿಯಾಗಿಯೇ ಇತ್ತು. ಆದರೆ ಕಣ್ಣಿನ ತುದಿಯಲ್ಲಿ ನೀರಿತ್ತು. ಹೊರಗಿನಿಂದ ಅದನ್ನು ಕಂಡ ಷಡಕ್ಷರಿಯವರು, ತಳ್ಳಿದರೆ ಚಾಲೂ ಆದೀತು, ತಳ್ಳೋಣ ಎಂದರು. ಕೀ ತಿರುಗದ ಕಾರನ್ನು ತಳ್ಳಿ ಫಲವಿಲ್ಲವೆಂಬುದು ಆ ಗುಂಪಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಆ ಇಬ್ಬರೇ ಎಲ್ಲರಿಗಿಂತ ಜೋರಾಗಿ ತಳ್ಳಿ ತಳ್ಳಿ ಎಂದು ಕೂಗಿದರು.

ಕಾರು ಪೇಟೆ ಬೀದಿ ದಾಟಿತು. ದಾರಿಯುದ್ದಕ್ಕೂ ಕೈಗಳು ಹೆಚ್ಚಿದವು. ಒಬ್ಬರು ಕಾಫಿ ಲೋಟ ಕೆಳಗಿಟ್ಟು ಬಂದರು, ಇನ್ನೊಬ್ಬರು ಅರ್ಧ ಕ್ಷೌರ ಮಾಡಿಸಿಕೊಂಡವರು ಸೋಪಿನ ಮುಖದಲ್ಲೇ ಬಂದರು. ಬಸ್ ಸ್ಟ್ಯಾಂಡಿನ ಮುಂದೆ ಕಾರು ನಿಂತಾಗ ಅದರ ಹಿಂದೆ ಮೆರವಣಿಗೆಯೇ ಇತ್ತು, ಮುಂದೆ ಶಿವಮೊಗ್ಗೆಯ ಬಸ್ಸು ಇತ್ತು. ಬಸ್ಸಿನ ಡ್ರೈವರು ದಾರಿ ಬಿಡಿ ಎಂದು ಹಾರನ್ ಬಾರಿಸಿದ. ಪ್ರಯಾಣಿಕರು ಕಿಟಕಿಯಿಂದ ತಲೆ ಹೊರಹಾಕಿ, ಗೇರು ಹಾಕಿ, ಗೇರು ತೆಗೀರಿ, ಉಲ್ಟಾ ತಳ್ಳಿ ಎಂದು ಟಿಕೆಟ್ಟಿನ ದುಡ್ಡಿಗೆ ಸಾಲುವಷ್ಟು ಸಲಹೆ ಕೊಟ್ಟರು.

ಗದ್ದಲ ಕೇಳಿ ಸ್ಟೇಷನ್ನಿನಿಂದ ದಫೇದಾರ್ ಉಗ್ರಪ್ಪ ಬಂದರು. ಅವರು ಹೆಸರಿಗೆ ತಕ್ಕ ಮೀಸೆ ಬಿಟ್ಟಿದ್ದರು, ಸ್ವಭಾವ ಮಾತ್ರ ಮೀಸೆಯ ಜೊತೆ ಬೆಳೆದಿರಲಿಲ್ಲ. ಒಂದು ಸಲ ಇನ್ಸ್‌ಪೆಕ್ಟರಿಗೆ ಜ್ವರ ಬಂದಾಗ ಅವರ ಜೀಪನ್ನು ತಾವೇ ಓಡಿಸಿಕೊಂಡು ಕಡೂರಿಗೆ ಹೋಗಿದ್ದುದಾಗಿ ಆಗಾಗ ಹೇಳುತ್ತಿದ್ದರು. ಈಗ ಎಲ್ಲರನ್ನೂ ಪಕ್ಕಕ್ಕೆ ಸರಿಸಿ ಕೀ ಕೇಳಿದರು. ಕೀ ಕೂರದ ಕಾರು ಯಾರದ್ದೆಂದು ಪೊಲೀಸರು ಕೇಳಿದರೆ ಕಡೂರಿನ ಡಾಕ್ಟರನ್ನು ಎಲ್ಲಿಂದ ತರುವುದು? ಆದರೂ ಷಡಕ್ಷರಿಯವರು ಕೊಟ್ಟರು.

ಉಗ್ರಪ್ಪನವರು ಒಳಗೆ ಕೂತು ಬಾಗಿಲು ಹಾಕಿಕೊಂಡರು. ಅವರ ಭುಜ ಒಂದು ಸಲ ಮೇಲೆದ್ದಿತು, ಇನ್ನೊಂದು ಸಲ ಎದ್ದಿತು. ಮೀಸೆ ನಡುಗಿತು. ಹೊರಗೆ ಷಡಕ್ಷರಿಯವರೂ ಚೌಡಪ್ಪನವರೂ ಉಸಿರು ಹಿಡಿದು ನಿಂತಿದ್ದರು. ಬಹಳ ಹೊತ್ತಿನ ಮೇಲೆ ದಫೇದಾರರು ಇಳಿದು, ಟೋಪಿ ಸರಿಮಾಡಿಕೊಂಡು, ಸಾರ್ವಜನಿಕರ ಕಡೆ ತಿರುಗಿದರು.

“ಇಂಜಿನ್ ಜಾಮ್ ಆಗಿದೆ. ನಾನು ನೋಡಿದ್ದೀನಿ ಇಂಥವು.”

ಮೂವರ ಕಣ್ಣುಗಳೂ ಕೂಡಿದವು, ಕೂಡಲೇ ಬೇರೆಯಾದವು. ಅಂದಿನಿಂದ ಆ ಮೂವರ ನಡುವೆ ಬೆಳೆದ ಗೆಳೆತನಕ್ಕೆ ಊರಿನಲ್ಲಿ ಯಾರಿಗೂ ಕಾರಣ ತಿಳಿದಿರಲಿಲ್ಲ.

ಆ ಹೊತ್ತಿಗೆ ದೊಡ್ಡಬೀರಪ್ಪನೆಂಬ ರೈತ ಟ್ರ್ಯಾಕ್ಟರಿಗೆ ಖಾಲಿ ಟ್ರೇಲರ್ ಕಟ್ಟಿಕೊಂಡು ತನ್ನ ಊರಾದ ಅಮೃತಾಪುರದ ಕಡೆಗೆ ಹೊರಟಿದ್ದವನು ಜನ ಕಂಡು ನಿಲ್ಲಿಸಿದ. ಇಂಜಿನ್ನಿನ ಬಗ್ಗೆ ಅವನು ಯಾವ ಅಭಿಪ್ರಾಯವನ್ನೂ ಕೊಡದೆ ಹಗ್ಗ ಇದೆಯೇ ಎಂದು ಮಾತ್ರ ಕೇಳಿದ. ತೆಂಗಿನಕಾಯಿ ಮಂಡಿಯವರಿಗೆ ನಾರಿನ ಹಗ್ಗಕ್ಕೆ ಏನು ಬರ? ಆದರೆ ಷಡಕ್ಷರಿಯವರಿಗೆ ಹೆಂಡತಿಯ ಭಯ. ಕಿಟಕಿಯ ಹತ್ತಿರ ಬಗ್ಗಿ, ಟ್ರ್ಯಾಕ್ಟರು ಎಳೆದುಕೊಂಡು ಹೋದರೆ ಆದೀತೇ ಎಂದು ಪಿಸುದನಿಯಲ್ಲಿ ಕೇಳಿದರು. ಸಾವಿತ್ರಮ್ಮನವರು ಸ್ವಲ್ಪ ಯೋಚಿಸಿದರು.

“ನಮ್ಮ ಕಾರಲ್ಲಿ ಹೋಗ್ತೀನಿ ಅಂದಿದ್ದೆ. ಕಾರು ಯಾವುದ್ರಿಂದ ಹೋಗುತ್ತೆ ಅಂತ ನಾನೇನು ಹೇಳಿರ್ಲಿಲ್ಲವಲ್ಲ.”

ಕಾರು ಹೊರಟಿತು. ಮುಂದೆ ಟ್ರ್ಯಾಕ್ಟರು, ಟ್ರೇಲರಿನಲ್ಲಿ ಯಂತ್ರತಜ್ಞರಾಗಿ ಚೌಡಪ್ಪ, ಹಿಂದೆ ಹಗ್ಗದ ಕೊನೆಯಲ್ಲಿ ಕಾರು. ಷಡಕ್ಷರಿಯವರ ಪಕ್ಕದ ಸೀಟಿನಲ್ಲಿ ಕಾನೂನಿನ ರಕ್ಷಣೆಗೆಂದು ಉಗ್ರಪ್ಪ ಕುಳಿತರು. ಗೃಹಪ್ರವೇಶದ ಊಟದಲ್ಲಿ ಹೋಳಿಗೆಯಿದೆಯೆಂಬುದನ್ನು ಅವರು ಹೊರಡುವ ಮೊದಲೇ ವಿಚಾರಿಸಿ ತಿಳಿದುಕೊಂಡಿದ್ದರು. ದಾರಿಯಲ್ಲಿ ಗದ್ದೆಯಲ್ಲಿದ್ದವರೆಲ್ಲ ನೆಟ್ಟಗೆ ನಿಂತು ನೋಡಿದರು. ಸಾವಿತ್ರಮ್ಮನವರ ಮುಖ ಒಂದೊಂದು ಮೈಲಿಗಲ್ಲಿಗೂ ಅರಳುತ್ತಾ ಹೋಯಿತು. ಗುರುತಿದ್ದವರಿಗೂ ಇಲ್ಲದವರಿಗೂ ಕೈ ಮುಗಿದರು.

ಅಮೃತಾಪುರಕ್ಕೆ ಮುಂಚೆ ಒಂದು ಸಣ್ಣ ಏರು, ಅಲ್ಲಿಂದ ಊರ ಬಾಗಿಲವರೆಗೂ ಇಳಿಜಾರು. ಏರಿನ ತುದಿಗೆ ಬಂದಾಗ ಸಾವಿತ್ರಮ್ಮನವರು ಗಂಡನ ಭುಜ ಮುಟ್ಟಿ, ಇಲ್ಲಿ ಹಗ್ಗ ಬಿಚ್ಚಿಸಿ ಎಂದರು. ದೊಡ್ಡಬೀರಪ್ಪನಿಗೆ ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಬಾರಪ್ಪ ಎಂದು ಹೇಳಿ, ಕಾರನ್ನು ಹಿಂದಿನಿಂದ ಒಂದು ಸಲ ನೂಕಿ ಟ್ರ್ಯಾಕ್ಟರಿನಲ್ಲೇ ಬರುವಂತೆ ಚೌಡಪ್ಪನವರಿಗೆ ಹೇಳಿದರು. ಕಾರು ತಾನಾಗಿ ಉರುಳಿತು.

ಈ ಕಾರಿನ ನಿಜವಾದ ದನಿ ಎಂಥದ್ದೆಂದು ತರೀಕೆರೆಯವರಿಗೆ ಗೊತ್ತು. ಅದು ಪೇಟೆಯ ಆ ತುದಿಯಲ್ಲಿ ಚಾಲೂ ಆದರೆ ಈ ತುದಿಯಲ್ಲಿ ಮಾತಾಡುತ್ತಿದ್ದವರು ಮಾತು ನಿಲ್ಲಿಸಿ ಕಾಯುತ್ತಿದ್ದರು. ಅಮೃತಾಪುರದವರು ಆ ದನಿ ಕೇಳಿರಲಿಲ್ಲ. ಅವರು ಕಂಡದ್ದು ಒಂದು ಕಾರು ಗಾಳಿಯಲ್ಲಿ ಎಲೆ ಬರುವ ಹಾಗೆ ಬೀದಿಗೆ ಬಂದು, ತಿರುವಿನಲ್ಲಿ ಮೆಲ್ಲಗೆ ತಿರುಗಿ, ಹೊಸ ಮನೆಯ ಚಪ್ಪರದ ಮುಂದೆ ನಿಂತದ್ದನ್ನು. ಇಂಜಿನ್ನಿನ ಸದ್ದಿಲ್ಲ, ಹೊಗೆಯಿಲ್ಲ. ಸಾವಿತ್ರಮ್ಮನವರು ಇಳಿದಾಗ ಅವರ ಬಳೆಯ ಸದ್ದು ಎಲ್ಲರಿಗೂ ಕೇಳಿಸಿತು.

ಚಪ್ಪರದಲ್ಲಿ ಕುಳಿತಿದ್ದ ಊರಿನ ಹಿರಿಯ ತೀರ್ಥಪ್ಪನವರು ಮೂಗಿನ ಮೇಲೆ ಬೆರಳಿಟ್ಟರು. “ಸದ್ದೇ ಇಲ್ವಲ್ಲೋ. ದೇವೀರಪ್ಪನ ಜೀಪು ಬತ್ತದೆ ಅಂದ್ರೆ ಕೆರೆ ಆಚೆಯಿಂದ್ಲೇ ಎಮ್ಮೆ ಹಗ್ಗ ಕಿತ್ಕೋತವೆ.”

ಮಾತು ಚಪ್ಪರದಿಂದ ಅಡಿಗೆಯವರ ಕಡೆಗೆ, ಅಲ್ಲಿಂದ ಹಿತ್ತಿಲಿಗೆ ಹೋಗಿ ಬೆಳೆದು ಬಂತು. ಕಾರು ಸಿಂಗಪುರದ್ದು ಎಂದಾಯಿತು. ಕಡೂರಿನ ಡಾಕ್ಟರು ರೋಗಿಗಳಿಗೆ ತೊಂದರೆಯಾಗಬಾರದೆಂದು ಹೇಳಿ ಮಾಡಿಸಿದ್ದು ಎಂದಾಯಿತು. ಎಲೆ ಹಾಕುವ ಹೊತ್ತಿಗೆ ಅದು ಪೆಟ್ರೋಲನ್ನೇ ಕುಡಿಯುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. ಅಂದಿನ ಮಟ್ಟಿಗೆ ಇದು ನಿಜವೂ ಆಗಿತ್ತು.

ದೇವೀರಪ್ಪನವರು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ನಂಬಿಕೆಯಾಗದೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು, ತಟ್ಟನೆ ತೆಗೆದರು. ಅದು ತಣ್ಣಗಿತ್ತು.

“ತರೀಕೆರೆಯಿಂದ ಬಂದಿದೆ, ಬಿಸೀನೇ ಆಗಿಲ್ವಲ್ಲ ಷಡಕ್ಷರಿ.”

“ಒಳ್ಳೆ ಇಂಜಿನ್ ಅಂದ್ರೆ ಹಂಗೇ ಅಣ್ಣ” ಎಂದರು ಷಡಕ್ಷರಿಯವರು. ಅವರ ಬೆರಳಿನಲ್ಲಿ ಕೀ ಮತ್ತೆ ತಿರುಗತೊಡಗಿತ್ತು. ತೂತಿನ ಹೊರಗೆ ಅದು ಯಾವತ್ತೂ ಸರಾಗವಾಗಿಯೇ ತಿರುಗುತ್ತಿತ್ತು.

ದಾಕ್ಷಾಯಣಮ್ಮನವರು ತಂಗಿಯ ಎರಡೂ ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋದರು. ಪಾದಪೂಜೆಗೆ ಇನ್ನೂ ಹೊತ್ತಿತ್ತು. ಅಕ್ಕತಂಗಿಯರು ಅಕ್ಕಪಕ್ಕ ಕುಳಿತು ಪೂಜೆ ನೋಡಿದರು. ಎಲ್ಲವೂ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು.

ಊಟವಾದ ಮೇಲೆ ಗುರುಗಳು ಕೆರೆ ಏರಿಯ ಆಚೆ ಇದ್ದ ಮಠಕ್ಕೆ ಹಿಂದಿರುಗಬೇಕಾಗಿತ್ತು. ದೇವೀರಪ್ಪನವರು ಬೆಳಿಗ್ಗೆ ಜೀಪಿನಲ್ಲಿ ಅವರನ್ನು ಕರೆತಂದಿದ್ದರು, ಈಗಲೂ ಜೀಪನ್ನು ಒರೆಸಿ ನಿಲ್ಲಿಸಿದ್ದರು. ತೀರ್ಥಪ್ಪನವರು ಎದ್ದು ನಿಂತು, ಗುರುಗಳಿಗೆ ಮೊದಲೇ ಸೊಂಟನೋವು, ಜೀಪಿನಲ್ಲಿ ಎರಡೂ ಕಡೆ ಕಂಬಿ ಹಿಡಿದುಕೊಂಡು ಬಂದದ್ದನ್ನು ಊರೇ ನೋಡಿದೆ, ಸದ್ದೂ ಕುಲುಕಾಟವೂ ಇಲ್ಲದ ಕಾರು ಬಾಗಿಲಲ್ಲೇ ಇರುವಾಗ ಜೀಪೇಕೆ ಎಂದು ಸಭೆಗೆ ಕೇಳಿದರು. ಸಭೆ ಹೌದೆಂದಿತು. ಗುರುಗಳು ನಕ್ಕು, “ಆಗಲಿ. ಸದ್ದಿಲ್ಲದ ಗಾಡಿಯನ್ನು ನಾವೂ ಕಂಡಿಲ್ಲ” ಎಂದರು. ದೇವೀರಪ್ಪನವರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ನುಂಗಿಬಿಟ್ಟರು. ಷಡಕ್ಷರಿಯವರ ಬೆರಳಿನಲ್ಲಿ ತಿರುಗುತ್ತಿದ್ದ ಕೀ ಗಕ್ಕನೆ ನಿಂತಿತು.

ಗುರುಗಳು ಒಳಗೆ ಭಕ್ತರಿಗೆ ಆಶೀರ್ವಾದ ಮಾಡುತ್ತಿದ್ದಾಗ ಮೂವರು ತಜ್ಞರು ಕಾರಿನ ಬಳಿ ಸೇರಿದರು. ಊರಿನವರ ಕಣ್ಣಿಗೆ ಅವರು ಹೊರಡುವ ಸಿದ್ಧತೆಯಲ್ಲಿದ್ದ ಹಾಗೆ ಕಂಡರೂ ಷಡಕ್ಷರಿಯವರು ಓಡಿಹೋಗಲು ಯಾವ ದಾರಿ ಹತ್ತಿರವೆಂದು ನೋಡುತ್ತಿದ್ದರು. ಅಷ್ಟರಲ್ಲಿ ಸಾವಿತ್ರಮ್ಮನವರು ವಿಭೂತಿಯ ಬಟ್ಟಲು ಹಿಡಿದು ಬಂದರು, ಹಿಂದೆಯೇ ದಾಕ್ಷಾಯಣಮ್ಮನವರೂ ಬಂದರು. ಗುರುಗಳು ಕೂರುವ ಕಾರು, ಪೂಜೆಯಿಲ್ಲದೆ ಆಗುತ್ತದೆಯೇ? ಬಾನೆಟ್ಟಿಗೆ ಮೂರೆಳೆ ಎಳೆದರು. ಒಳಗೆ ಬಗ್ಗಿ ಸ್ಟೇರಿಂಗಿಗೆ ಎಳೆದರು. ಆಮೇಲೆ ಹೆಬ್ಬೆರಳಿನ ತುಂಬ ಹಸಿ ವಿಭೂತಿ ತೆಗೆದುಕೊಂಡು ಕೀ ಹಾಕುವ ತೂತಿಗೆ ಒತ್ತಿದರು.

“ಅಲ್ಲೇನೇ ತುಂಬ್ತಿದ್ದೀಯ?” ಎಂದರು ದಾಕ್ಷಾಯಣಮ್ಮ.

“ಇದೇ ಅಲ್ವೇನಕ್ಕ ಗಾಡಿಗೆ ಬಾಯಿ. ಎಲ್ಲಾ ಶುರುವಾಗೋದು ಇಲ್ಲಿಂದ್ಲೇ ಅಂತಾರೆ ಇವರು. ಸೋಮವಾರ ಸೋಮವಾರ ಒಂಚೂರು ಹಚ್ತೀನಿ. ಇವತ್ತು ಪ್ರಯಾಣ ಅಂತ ನಿನ್ನೆ ಸಂಜೆ ಜಾಸ್ತೀನೇ ಹಚ್ಚಿದ್ದೆ.”

ಉಗ್ರಪ್ಪನವರು ಟೋಪಿ ತೆಗೆದು ಅದರ ಒಳಗೆ ನೋಡಿದರು. ಚೌಡಪ್ಪನವರಿಗೆ ಚಕ್ರದ ಮೇಲೆ ಏನೋ ಆಸಕ್ತಿ ಹುಟ್ಟಿತು.

ದಾಕ್ಷಾಯಣಮ್ಮನವರು ಒಬ್ಬೊಬ್ಬರ ಮುಖವನ್ನೂ ನೋಡಿದರು. “ಹಂಗಾದ್ರೆ ಕೀ ತಿರುಗುತ್ತೇನ್ರಿ?”

“ಬೆಳಗಿಂದ ತಿರುಗಿಲ್ಲ” ಎಂದರು ಷಡಕ್ಷರಿಯವರು, ನೆಲಕ್ಕೆ.

“ನಂಗೂ ತಿರುಗಲಿಲ್ಲ” ಎಂದರು ಚೌಡಪ್ಪ.

“ನಾನು ಆಗ್ಲೇ ಅನ್ಕೊಂಡಿದ್ದೆ” ಎಂದರು ಉಗ್ರಪ್ಪ. ಅವರು ಸರ್ಕಾರಿ ನೌಕರರು.

ದಾಕ್ಷಾಯಣಮ್ಮನವರಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ತಡೆದರು. ತುರುಬಿನಿಂದ ಒಂದು ಹೇರ್‌ಪಿನ್ ಕಿತ್ತು ತಾವೇ ಒಳಗೆ ಬಗ್ಗಿ ತೂತನ್ನು ಕೆದಕಿದರು. ಹೊಸ ವಿಭೂತಿ ಬಂತು, ಅದರ ಹಿಂದೆ ನಿನ್ನೆಯದು, ಅದರ ಹಿಂದೆ ಕಲ್ಲಿನಂತೆ ಗಟ್ಟಿಯಾಗಿದ್ದ ಅನೇಕ ಸೋಮವಾರಗಳು ಪುಡಿಪುಡಿಯಾಗಿ ಬಂದವು. ಷಡಕ್ಷರಿಯವರು ಮುಖವಿಟ್ಟು ಜೋರಾಗಿ ಊದಿದರು. ಉಳಿದ ವಿಭೂತಿಯೆಲ್ಲ ತಿರುಗಿ ಅವರ ಮುಖಕ್ಕೇ ಬಂತು. ಅದನ್ನು ಒರೆಸಿಕೊಳ್ಳುವಷ್ಟು ವ್ಯವಧಾನವಿಲ್ಲದೆ ಕೀ ಹಾಕಿದರು. ಅದು ಪೂರ್ತಿ ಹೋಯಿತು. ತಿರುಗಿಸಿದರು.

ಕಾರು ಚಾಲೂ ಆಯಿತು.

ಬೆಳಗಿನಿಂದ ಅದುಮಿಟ್ಟುಕೊಂಡಿದ್ದ ದನಿಯನ್ನೆಲ್ಲ ಅದು ಒಂದೇ ಸಲಕ್ಕೆ ಹೊರಹಾಕಿತು. ಹಿಂದಿನಿಂದ ಹೊಗೆಯ ಒಂದು ಮೋಡ ಎದ್ದು ಚಪ್ಪರದೊಳಗೆ ನುಗ್ಗಿತು. ಹೊಸ ಮನೆಯ ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿದವು. ಹಿತ್ತಿಲಿನಲ್ಲಿ ಯಾವುದೋ ಪಾತ್ರೆ ಬಿದ್ದು ಬಹಳ ದೂರ ಉರುಳಿಕೊಂಡು ಹೋಯಿತು. ಒಳಮನೆಯಿಂದ ದೇವೀರಪ್ಪನವರ ಕೂಗು ಕೇಳಿಸಿತು.

“ಯಾವನೋ ಅವನು ನನ್ನ ಜೀಪು ಮುಟ್ಟಿದ್ದು?”

ಷಡಕ್ಷರಿಯವರು ಗೆದ್ದ ಮುಖದಿಂದ ಹೆಂಡತಿಯ ಕಡೆ ತಿರುಗಿದರು. ಸಾವಿತ್ರಮ್ಮನವರ ಮುಖ ಬಿಳುಚಿಕೊಂಡಿತ್ತು. ಊರೆಲ್ಲ ಹೊಗಳಿದ ಸದ್ದಿಲ್ಲದ ಕಾರು ಕಣ್ಣೆದುರಿಗೇ ಜೀಪಿನ ತಮ್ಮನಾಗಿಬಿಟ್ಟಿತ್ತು.

“ಆಫ್ ಮಾಡ್ರೀ.”

ಕೇಳಿಸಲಿಲ್ಲ. ಸಾವಿತ್ರಮ್ಮನವರು ಗಂಡನ ಕೈಯ ಮೇಲೆ ಕೈಯಿಟ್ಟು ತಾವೇ ಕೀಯನ್ನು ಹಿಂದಕ್ಕೆ ತಿರುಗಿಸಿದರು. ಎಲ್ಲ ಶಾಂತವಾಯಿತು. ದೇವೀರಪ್ಪನವರು ಅಂಗವಸ್ತ್ರ ಬೀಸಿ ಹೊಗೆ ಸರಿಸುತ್ತಾ ಹೊರಗೆ ಬಂದರು. ಜೀಪು ನಿಂತಲ್ಲೇ ನಿಂತಿತ್ತು. ಕಾರಿನ ಬಳಿ ಐದು ಜನ ಬೊಂಬೆಗಳ ಹಾಗೆ ನಿಂತಿದ್ದರು. ಏನದು ಸದ್ದು ಎಂದು ಅವರು ಕೇಳಿದ್ದು ತಮ್ಮ ಹೆಂಡತಿಯನ್ನು.

ಸಾವಿತ್ರಮ್ಮನವರು ಅಕ್ಕನ ಮುಖ ನೋಡಿದರು. ಒಂದು ವರ್ಷದ ಹಟ, ಒಂದು ಕಾರು, ಅಷ್ಟು ಜನರ ಬೆವರು ಈಗ ಅಕ್ಕನ ಒಂದು ಮಾತಿನ ಮೇಲೆ ನಿಂತಿತ್ತು. ದಾಕ್ಷಾಯಣಮ್ಮನವರು ಹೇರ್‌ಪಿನ್ನನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು.

“ನಿಮ್ಮ ಜೀಪು ಯಾರೂ ಮುಟ್ಟಿಲ್ಲ. ದೊಡ್ಡಬೀರಪ್ಪನ ಟ್ರ್ಯಾಕ್ಟರ್ ಹಿಂದುಗಡೆ ಹೋಯ್ತು. ಗುರುಗಳು ಎದ್ರೇನೋ ನೋಡಿ, ಒಳಗೆ ಹೋಗಿ.”

ಆದರೆ ಗುರುಗಳನ್ನು ಮಠಕ್ಕೆ ಮುಟ್ಟಿಸುವುದು ಹೇಗೆ? ಚಾಲೂ ಮಾಡುವ ಹಾಗಿಲ್ಲ, ಬಿಡುವ ಹಾಗಿಲ್ಲ. ಇಲ್ಲಿ ಉಗ್ರಪ್ಪನವರು ತಮ್ಮ ಇಡೀ ನೌಕರಿಯಲ್ಲಿ ತೋರಿಸದಿದ್ದ ಬುದ್ಧಿಯನ್ನು ತೋರಿಸಿದರು. ಗುರುಗಳು ಕಾರಿನಲ್ಲಿ ಕುಳಿತ ಕೂಡಲೇ ಚಪ್ಪರದ ಮುಂದೆ ನಿಂತು, ಗುರುಗಳು ಅಡ್ಡಪಲ್ಲಕ್ಕಿಯಲ್ಲಿ ಕೂತರೆ ಹೊರುವುದಿಲ್ಲವೇ, ಭಕ್ತರು ಇಷ್ಟು ಮಂದಿ ಇರುವಾಗ ಅವರ ವಾಹನಕ್ಕೆ ಇಂಜಿನ್ನಿನ ಸೇವೆ ಬೇಕೇ ಎಂದು ಕೇಳಿದರು. ಇದು ಯಾರಿಗೂ ಹೊಳೆದಿರಲಿಲ್ಲ. ಹೊಳೆದ ಮೇಲೆ ತಡೆಯುವವರಿರಲಿಲ್ಲ. ಕಾರಿಗೆ ಕೈ ಹಚ್ಚಲು ನೂಕುನುಗ್ಗಲಾಯಿತು. ಜಾಗ ಸಿಗದವರು ಜಾಗ ಸಿಕ್ಕವರ ಬೆನ್ನು ತಳ್ಳಿದರು. ಮನೆಯ ಯಜಮಾನರದು ಮೊದಲ ಸೇವೆಯೆಂದು ತೀರ್ಥಪ್ಪನವರು ದೇವೀರಪ್ಪನವರ ಕೈ ಹಿಡಿದು ತಂದು ಡಿಕ್ಕಿಯ ನಟ್ಟನಡುವೆ ನಿಲ್ಲಿಸಿದರು. ಮುಂದೆ ಸಾವಿತ್ರಮ್ಮನವರೂ ದಾಕ್ಷಾಯಣಮ್ಮನವರೂ ಆರತಿ ಹಿಡಿದು ನಡೆದರು. ಅಷ್ಟು ಮೃದುವಾಗಿ ಯಾವ ವಾಹನವೂ ಕೆರೆ ಏರಿಯನ್ನು ದಾಟಿರಲಿಲ್ಲ.

ಮಠದ ಬಾಗಿಲಲ್ಲಿ ಗುರುಗಳು ಇಳಿದು ಎಲ್ಲರನ್ನೂ ಹರಸಿದರು. ಷಡಕ್ಷರಿಯವರು ಕಾಲಿಗೆ ಬಿದ್ದು ಎದ್ದಾಗ ಅವರ ಮುಖವನ್ನು ಒಂದು ಗಳಿಗೆ ನೋಡಿ, “ಸುಖವಾಗಿ ಬಂದೆವಪ್ಪ. ನಿನ್ನ ಮುಖದ ಮೇಲೆ ವಿಭೂತಿ ಇವತ್ತು ಸ್ವಲ್ಪ ಹೆಚ್ಚಾಗಿದೆ” ಎಂದು ಒಳಗೆ ಹೋದರು.

ಸೇವೆ ಮುಗಿದದ್ದರಿಂದ ಜನ ಕರಗಿದರು. ಎರಡನೇ ಪಂಕ್ತಿಯ ಊಟ ಬಾಕಿಯಿತ್ತು. ನೆಂಟರ ಕಾರನ್ನು ಮಠದ ಮುಂದೆ ಬಿಟ್ಟು ಹೋಗುವುದು ಯಜಮಾನರಿಗೆ ಶೋಭೆಯಲ್ಲವಾದ್ದರಿಂದ ದೇವೀರಪ್ಪನವರು ಉಳಿದರು. ಜೊತೆಗೆ ಚೌಡಪ್ಪ, ಉಗ್ರಪ್ಪ. ಅಕ್ಕತಂಗಿಯರು ಹಿಂದಿನ ಸೀಟಿನಲ್ಲಿ ಹಾಯಾಗಿ ಕುಳಿತರು. ಷಡಕ್ಷರಿಯವರು ಸ್ಟೇರಿಂಗ್ ಹಿಡಿದರು. ಕಾರು ಕೆರೆ ಏರಿಯ ಮೇಲೆ ಊರ ಕಡೆಗೆ ನಿಧಾನವಾಗಿ ಹೊರಟಿತು. ಚೌಡಪ್ಪನವರೂ ಉಗ್ರಪ್ಪನವರೂ ಎಡಕ್ಕೂ ಬಲಕ್ಕೂ ಕಾರಿನ ಮೇಲೆ ಕೈಯಿಟ್ಟಿದ್ದರು; ತಳ್ಳುತ್ತಿದ್ದವರು ದೇವೀರಪ್ಪನವರು. ಹಿಂದಿನ ಗಾಜಿನಲ್ಲಿ ಅವರ ಮುಖ ಬದನೆಕಾಯಿಯ ಬಣ್ಣದಲ್ಲಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕೆಳಗೆ ಹೋಗುತ್ತಿತ್ತು.

ಷಡಕ್ಷರಿಯವರದು ಮೆತ್ತನೆಯ ಕರುಳು. ಜೇಬಿನಿಂದ ಕೀ ತೆಗೆದು ತೋರಿಸಿ, ಇನ್ನು ಸಾಕಲ್ಲವೇ, ಪಾಪ, ಚಾಲೂ ಮಾಡಲೇ ಎಂದು ಮೆಲ್ಲಗೆ ಕೇಳಿದರು.

ಸಾವಿತ್ರಮ್ಮನವರು ಅಕ್ಕನ ಕಡೆ ನೋಡಿದರು. ಅಕ್ಕನ ಗಂಡ, ಹೇಳಬೇಕಾದವರು ಅಕ್ಕ. ದಾಕ್ಷಾಯಣಮ್ಮನವರು ಹಿಂದಕ್ಕೆ ತಿರುಗಿ ಗಾಜಿನಲ್ಲಿ ಗಂಡನನ್ನು ಕಂಡರು. ಮತ್ತೆ ಮುಂದಕ್ಕೆ ತಿರುಗಿ, ಕಾಲು ನೀಡಿ, ತಂಗಿಯ ಭುಜಕ್ಕೆ ಒರಗಿಕೊಂಡರು.

“ಆ ತೂಬಿನ ತನಕ ತಳ್ಳಲಿ ಬಿಡಿ. ಆಮೇಲೆ ನೋಡಾಣ.”

ತೂಬು ಬಂತು. ಯಾರೂ ಏನೂ ಹೇಳಲಿಲ್ಲ.